ಎಳೆಯದೆ ಬಿಟ್ಟ ಕಾಲು

ಬುಕ್ಕಾಂಬುಧಿ
೧೯-೧೧-೨೦೨೪

ಮಗಳು ಶ್ರುತಿಗೆ ಅಪ್ಪ ಮಾಡುವ ಆಶೀರ್ವಾದ.

ಹೇಗಿದ್ದೀಯ? ಆಸ್ಪತ್ರೆ ಕೆಲಸದಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ? ಶಿವಮೊಗ್ಗದವರ ಕೀಲೆಲ್ಲ ಸರಿಮಾಡಲು ಹೋಗಿ ನಿನ್ನ ಸೊಂಟ ಹಿಡಿಸಿಕೊಳ್ಳಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಹೇಳೋಣವೆಂದರೆ ನೀನು ನಡುನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಕಾಗದ. ಪೂರ್ತಿ ಓದು.

ಗೌರಿ ಹಬ್ಬಕ್ಕೆ ಬಂದಾಗ ಜಗಲಿಯಲ್ಲಿ ಅಷ್ಟು ಜನರೆದುರು, "ಅಪ್ಪಾ, ಇನ್ಮೇಲೆ ಯಾರ್ ಕಾಲೂ ಎಳೀಬ್ಯಾಡ" ಅಂದೆಯಲ್ಲ, ನನಗೆ ಮೈಯೆಲ್ಲ ಉರಿದುಹೋಗಿತ್ತು. ಕಾಲು ಮುಂದಾಗಿ ಹುಟ್ಟಿದವನು ನಾನು, ಅಂಥವರ ಕಾಲು ತಾಕಿದರೆ ಉಳುಕು ಬಿಡುತ್ತದೆ ಎಂಬುದು ಊರಿನ ನಂಬಿಕೆ. ಉಳುಕಿದ ಜಾಗವನ್ನು ಎಡಗಾಲಿನಿಂದ ಮೂರು ಸಲ ಸವರಿ, ಪಾದ ಹಿಡಿದು ಜಗ್ಗಿ, ಲಟಕ್ ಎಂದರೆ ವಾಸಿ. ನಲವತ್ತು ವರ್ಷದಿಂದ ಅಜ್ಜಂಪುರದಿಂದಲೂ ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದಾರೆ. ನಿನ್ನೆ ಮೊನ್ನೆ ಓದಿದವಳು ನನಗೇ ಬುದ್ಧಿ ಹೇಳುತ್ತಾಳಲ್ಲ ಎಂದು ಎರಡು ದಿನ ನಿನ್ನೊಡನೆ ಮಾತು ಬಿಟ್ಟೆ. ಆದರೆ ನೀನು ಹೇಳಿದ್ದೆಲ್ಲ ಕಿವಿಗೆ ಬಿದ್ದಿತ್ತು. ಬೀಳದೆ ಏನು, ನನ್ನ ಗಂಟಲೇ ನಿನಗೂ ಬಂದಿದೆ.

ಹೋದ ಬುಧವಾರ ದೇವೀರಪ್ಪನ ಮೊಮ್ಮಗಳು ಭವ್ಯ ಕೆರೆ ಏರಿಯ ಇಳಿಜಾರಿನಲ್ಲಿ ಓಡುತ್ತಾ ಕಾಲು ಹೊರಳಿಸಿಕೊಂಡಳು. ಶನಿವಾರ ತರೀಕೆರೆಯಲ್ಲಿ ಅವಳ ಶಾಲೆಯ ಖೋ-ಖೋ ಪಂದ್ಯ. ದೇವೀರಪ್ಪ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದು, "ಅಂಜಿನಪ್ಪಾ, ಒಂದ್ಸಲ ಎಳ್ದ್ಬಿಡು, ಹುಡುಗಿ ಶನಿವಾರ ಓಡ್ಬೇಕು" ಅಂದ. ಜಗಲಿ ತುಂಬ ಜನ. ಹಬ್ಬದಲ್ಲಿ ನೀನು ಹೇಳಿದ್ದು ನೆನಪಾಯಿತು: ಬರಿಯ ಉಳುಕಾದರೆ ಬಟ್ಟೆಯಲ್ಲಿ ಸುತ್ತಿದ ಐಸು, ಪಟ್ಟಿ, ದಿಂಬಿನ ಮೇಲೆ ಕಾಲು. ಮೊದಲೆರಡು ದಿನ ಬಿಸಿ ಎಣ್ಣೆ ನೀವುವುದು ಬೇಡ, ನೋವು ಇಳಿದ ಮೇಲೆ ಮೆಲ್ಲಗೆ ಆಡಿಸಬೇಕು. ಮೂಳೆ ಒತ್ತಿದಾಗ ನೋವಾದರೆ, ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಎಕ್ಸ್‌ರೇ. ಸರಿ, ಪಾದದ ಕೀಲಿನ ಹೊರಗಡೆ ಗುಬುಟಿನಂತಿರುವ ಮೂಳೆಯ ಅಂಚು ಒತ್ತಿದೆ, ಕಿಟಾರನೆ ಕಿರುಚಿದಳು. ನಡೆಸಿ ನೋಡಿದೆ, ಎರಡನೇ ಹೆಜ್ಜೆಗೇ ಕುಸಿದಳು. "ನಾನು ಎಳ್ಯಲ್ಲ, ತರೀಕೆರೆಗೆ ನಡಿ" ಅಂದೆ. ದೇವೀರಪ್ಪ ಸುತ್ತ ನೋಡಿ, "ಮಗ್ಳು ಓದಿದ್ದೇ ಓದಿದ್ದು, ಅಪ್ಪನ್ ಕೈಗೆ ಬೀಗ ಬಿತ್ತು ಕಣ್ರಪ್ಪಾ" ಅಂದ. ಎಲ್ಲರೂ ನಕ್ಕರು. ನನ್ನ ಜಗಲಿಯಲ್ಲಿ ನನ್ನನ್ನು ನೋಡಿ ಯಾರೂ ಯಾವತ್ತೂ ನಕ್ಕಿರಲಿಲ್ಲ ಮಗಳೇ. ಎರಡು ಕಡೆ ರಟ್ಟು ಇಟ್ಟು ಪಾದ ಅಲುಗದಂತೆ ಪಟ್ಟಿ ಕಟ್ಟಿ, ಆಟೊದಲ್ಲಿ ನಾನೇ ಜೊತೆಗೆ ಹೋದೆ.

ಮೂಳೆ ಸೀಳು ಬಿಟ್ಟಿತ್ತು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಯಾರೂ ಎಳ್ದಿಲ್ಲ ತಾನೆ? ಎಳ್ದಿದ್ರೆ ಸರಿದು ಆಪರೇಷನ್ನೇ ಆಗ್ಬೇಕಿತ್ತು" ಅಂದರು. "ಎಳೆಯೋನು ನಾನೇ ಸಾರ್, ಮಗ್ಳು ಬ್ಯಾಡ ಅಂದಿದ್ಲು" ಅಂದೆ. ದೇವೀರಪ್ಪ ನನ್ನ ಕೈ ಹಿಡಿದುಕೊಂಡವನು ಆಟೊ ಹತ್ತುವವರೆಗೂ ಬಿಡಲಿಲ್ಲ. ಹುಡುಗಿಗೆ ಆರು ವಾರ ಪ್ಲಾಸ್ಟರು. ಪಂದ್ಯ ಹೋಯಿತೆಂದು ದಾರಿಯುದ್ದಕ್ಕೂ ಅತ್ತಳು, ಮುಂದಿನ ವರ್ಷ ಆಡುತ್ತಾಳೆ ಬಿಡು. ನಾನು ಮಾತ್ರ ಆಟೊದವನಿಗೆ, ಅವನು ಕೇಳದಿದ್ದರೂ, ನನ್ನ ಮಗಳು ಫಿಸಿಯೋಥೆರಪಿಸ್ಟ್ ಎಂದು ಹೇಳಿದೆ. ಆ ಪದಕ್ಕೆ ನಾಲಿಗೆ ಹೊರಳುವುದಿಲ್ಲ, ಆದರೂ ಎರಡು ಸಲ ಹೇಳಿದೆ. ನಿನ್ನಂಥ ಮಗಳನ್ನು ಹೆತ್ತಿದ್ದಕ್ಕೆ ನನಗೆ ಬಹಳ ಹೆಮ್ಮೆ.

ನೂರು ಕಾಲ ಸುಖವಾಗಿರು. ನಿನ್ನ ಜೊತೆ ಕೆಲಸ ಮಾಡುವವರಿಗೂ ನನ್ನ ನಮಸ್ಕಾರ ತಿಳಿಸು.

ನಿನ್ನ ಮಾತು ಕೇಳಿದ ಅಪ್ಪ,
ಅಂಜಿನಪ್ಪ

ಇನ್ನೊಂದು ಮಾತು: ನಿಮ್ಮಮ್ಮನ ಕಾಲು ಸಂಜೆಯಾದರೆ ಊದಿಕೊಳ್ಳುವುದನ್ನು ನೀನು ಚಿಕ್ಕಂದಿನಿಂದ ನೋಡಿದ್ದೀಯ. ನಾವು ನಿನಗೆ ಹೇಳುತ್ತಿದ್ದಂತೆ ಅದು ವಾಯು ಅಲ್ಲ. ಮದುವೆಯಾದ ವರ್ಷ ಉಳುಕಿದ್ದನ್ನು ನಾನು ಬಿಡದೆ ಮೂರು ದಿನ ಎಳೆದಿದ್ದೆ. ಯಾರಿಗೂ ನಾನು ಹೇಳಲಿಲ್ಲ, ಅವಳೂ ಹೇಳಲಿಲ್ಲ. ಮುಂದಿನ ಸೋಮವಾರ ನಿನ್ನಲ್ಲಿಗೆ ಕರೆದುಕೊಂಡು ಬರುತ್ತೇನೆ. ಹೇಗಾಯಿತು ಎಂದು ಕೇಳಿದರೆ ಬಾವಿಕಟ್ಟೆಯಲ್ಲಿ ಜಾರಿದೆ ಎನ್ನುತ್ತಾಳೆ, ಅಷ್ಟನ್ನೇ ಬರೆದುಕೊಳ್ಳಬೇಡ. ನನ್ನ ಹೆಸರು ಬರೆ.