ಹಲಗೆ ಕೆಳಗಿಟ್ಟ ಕಾಗದ

ಕಾಶ್ಮೀರ, 18-1-1983

ಶ್ಯಾಮಲಕ್ಕ,

ನಾನು ಆರಾಮಾಗಿದೀನಿ, ಯಲ್ದೂರಲ್ಲಿ ನೀವೂ ಹಾಗೇ ಇರ್ತೀರಿ ಅಂದ್ಕೊಂಡಿದೀನಿ. ನಾಳೆಯಿಂದ ನಾಲ್ಕು ದಿನ ನಮ್ಮ ತುಕಡಿ ಹಿಮದ ಗುಡ್ಡ ಹತ್ತಿ ಇಳೀಬೇಕು. ಅದಕ್ಕೆ ಬೂಟಿಗೆ ಕಟ್ಟೋ ಉದ್ದ ಹಲಗೆ ಇವತ್ತು ಆರಿಸ್ಕೊಂಡ್ವಿ, ಸ್ಕೀ ಅಂತಾರೆ. ನೊಗದ ಹಾಗೆ ನಡು ಸ್ವಲ್ಪ ಎದ್ದಿರುತ್ತೆ. ನಾನು ಎಲ್ಲಕ್ಕಿಂತ ಉದ್ದದ್ದು ಎತ್ಕೊಂಡೆ. ಹವಾಲ್ದಾರ್ ಬಂದು, "ಉದ್ದ ಬಿಡು, ನಿನ್ನ ತೂಕ ನೋಡ್ಕೋ. ಹಲಗೆ ನಡು ಕೆಳಗೆ ಕಾಗದ ಇಟ್ಟು ನಿಂತ್ಕೋ" ಅಂದ್ರು. ಎರಡು ಕಾಲಲ್ಲಿ ನಿಂತಾಗ ಕಾಗದ ಎಳೆದ್ರೆ ಬರಬೇಕು, ಒಂದೇ ಕಾಲೂರಿದಾಗ ಬರಬಾರದು. ಬಂದ್ರೆ ಗುಡ್ಡ ಹತ್ತುವಾಗ ಹಿಂದಕ್ಕೆ ಜಾರ್ತೀವಂತೆ.

ಜೇಬಲ್ಲಿ ಇದ್ದದ್ದು ಬೆಳಿಗ್ಗೆ ಬಂದ ನಿನ್ನ ಕಾಗದ ಒಂದೇ, ಇನ್ನೂ ಅರ್ಧ ಮಾತ್ರ ಓದಿದ್ದೆ. ಮೊದಲ ಎರಡು ಜೊತೆ ಹಲಗೇಲಿ ಒಂದೇ ಕಾಲೂರಿದ್ರೂ ನನ್ನ ತೂಕಕ್ಕೆ ನಡು ಬಗ್ಗದೆ ಕಾಗದ ಸಲೀಸಾಗಿ ಬಂದ್ಬಿಡ್ತು, ಮೂರನೇದ್ರಲ್ಲಿ ಕಚ್ಕೊಳ್ತು. ಅದನ್ನೇ ತಗೊಂಡೆ. ಇಷ್ಟು ಇಳಿದುಹೋಗಿದೀನಿ ಅಂತ ಆಗಲೇ ಗೊತ್ತಾಗಿದ್ದು. ಅಮ್ಮನಿಗೆ ಹೇಳ್ಬೇಡ. ಊಟಕ್ಕೇನೂ ಕಮ್ಮಿಯಿಲ್ಲ, ಮುದ್ದೆ ಇಲ್ಲ ಅಷ್ಟೆ.

ಹಲಗೆಗೆ ಅಂಟಿದ್ದ ಹಿಮ ಕರಗಿ ನಿನ್ನ ಕಾಗದದ ಮಸಿ ಕಲಸಿಹೋಯ್ತು. "ನೀನು ಹೇಳಿದ ಹೆಸರು ಮಗೂಗೆ" ಅನ್ನೋವರೆಗೂ ಕಾಣುತ್ತೆ. ನಿನ್ನ ಮಗೂಗೆ ಆ ಹೆಸರು ಇಟ್ರೋ ಬಿಟ್ರೋ ತಿಳೀಲಿಲ್ಲ. ಬೇಗ ಬರಿ. ಅಲ್ಲೀವರೆಗೂ ನಾನಂತೂ ಅದೇ ಹೆಸರಲ್ಲಿ ಕರೀತಿರ್ತೀನಿ.

ನಿನ್ನ ತಮ್ಮ
ಕದಿರಪ್ಪ