ಸುರಪುರಕ್ಕ ಯಾದಗಿರಿ ನೀರಿನ ಟೈಮು

ಯಾದಗಿರಿ,
೧೭ ಜನವರಿ ೨೦೨೫

ಯಜಮಾನರಿಗೆ ಯಶೋಧರಾ ಮಾಡೂ ನಮಸ್ಕಾರ.

ಹಿಮಾಚಲದ ಸುರಂಗದ ಕೆಲಸದಾಗ ಥಂಡಿ ಭಾಳ ಅಂದಿದ್ರಿ, ಕೆಮ್ಮು ಈಗ ಹ್ಯಾಂಗದರಿ? ಶುಂಠಿ ಕಷಾಯ ತಪ್ಪಸಬ್ಯಾಡ್ರಿ. ನಾವಿಲ್ಲಿ ಆರಾಮ ಅದೀವಿ ಅಂತ ಬರೀಬೇಕು, ಬರ್ಯಂಗಿಲ್ಲ. ಮೊನ್ನೆ ಫೋನಿನ್ಯಾಗ ನಿಮ್ಮಣ್ಣನ ಮಾತು ಕೇಳಿ ‘ಹಿರ್ಯಾರದಾರ, ಮಾಫಿ ಕೇಳಿಬಿಡು’ ಅಂದು ಇಟ್ಟುಬಿಟ್ರಿ. ಅದಕ್ಕ ಕಾಗದ ಬರ್ಯಾಕತ್ತೇನಿ, ಇದನ್ನ ನಡುವ ಕಟ್ ಮಾಡಾಕ ಬರಂಗಿಲ್ಲ.

ನಳದ ನೀರು ಎಷ್ಟೊತ್ತಿಗೆ ಬರ್ತದಂತ ಮಂದಿಗೆ ತಿಳಿಸೂ ಆ್ಯಪು ನಾನ ಕುಂತು ಮಾಡಿದ್ದು ನಿಮಗ ಗೊತ್ತದ. ಮೂರೂ ತಾಲೂಕಿಗೆ ಪ್ರೋಗ್ರಾಂ ಒಂದೇ. ಬಿಲ್ಡ್, ಅಂದ್ರ ಪ್ರೋಗ್ರಾಂನಿಂದ ಆ್ಯಪು ಕಟ್ಟೂ ಕೆಲಸ, ಚಾಲೂ ಮಾಡೂ ಮುಂಚೆ ಒಂದು ಖಾನೆದಾಗ ತಾಲೂಕಿನ ಹೆಸರು ತುಂಬಬೇಕು, ಅಷ್ಟ. ಆಮ್ಯಾಲ ಅದು ತಾನ ತಯಾರಾಗಿ, ತಾನ ತಪಾಸ ಮಾಡಿಕೊಂಡು, ಮಂದಿ ಫೋನಿಗೆ ಹೋಗ್ತದ. ಖಾಲಿ ಬಿಟ್ರ ಯಾದಗಿರಿ ಅಂತ ತಿಳ್ಕೋತದ. ನಮ್ಮ ಆ್ಯಪಿನ ಕಂಪನಿ ಮಾಲಕರಾದ ನಿಮ್ಮಣ್ಣ ಕಾಂತೇಶ ಭಾವನವರಿಗೆ ಇಷ್ಟು ತಿಳೀಬೇಕಂದ್ರ ಏಳು ಜನ್ಮ ಎತ್ತಿ ಬರಬೇಕು.

ಅವರಿಗೆ ಬೇಕಾದದ್ದು ಉದ್ಘಾಟನಾ! ಸುರಪುರದ ಬಿಲ್ಡ್ ದಿನ ಕಂಪ್ಯೂಟರಿಗೆ ಚೆಂಡುಹೂವಿನ ಹಾರ, ಕೀಬೋರ್ಡಿಗೆ ಕುಂಕುಮ (ಇವತ್ತಿಗೂ ಎರಡು ಬಟನ್ ಒತ್ತಿದ್ರ ಮ್ಯಾಲೇಳಂಗಿಲ್ಲ), ಚಾಲೂ ಮಾಡಾಕ ಶಾಲು ಹೊದ್ದ ಮುಖ್ಯ ಅತಿಥಿ. ನನ್ನ ಕುರ್ಚಿಯಿಂದ ಎಬ್ಬಿಸಿ ಕೈಯಾಗ ಆರತಿ ತಾಟು ಕೊಟ್ರು. ‘ತಾಲೂಕು ತುಂಬಿಲ್ರೀ’ ಅಂತ ಒದರಿದೆ. ‘ಶುಭಕಾರ್ಯದಾಗ ಅಪಶಕುನ ನುಡೀಬ್ಯಾಡ’ ಅಂತ ಕೆಕ್ಕರಿಸಿ ನೋಡಿದ್ರು. ಅತಿಥಿ ಒತ್ತೇಬಿಟ್ರು. ಫೋಟೋದವ ‘ಸಾಹೇಬ್ರ, ಇನ್ನೊಮ್ಮೆ ಒತ್ರಿ’ ಅಂದ. ಇನ್ನೊಮ್ಮೆನೂ ಒತ್ತಿದ್ರು!

ಮರುದಿನ ಸುರಪುರದ ಹೆಣ್ಮಕ್ಕಳು ಯಾದಗಿರಿ ಟೈಮಿಗೆ ಕೊಡ ಹಿಡಕೊಂಡು ನಿಂತ್ರು. ಅವರ ನೀರು ನಸುಕಿನ್ಯಾಗ ಬಂದು ಹೋಗಿತ್ತು. ಬಾಯಿಗೆ ಬಂದಂಗ ಬೈದ್ರು, ನಾನಿದ್ರೂ ಬೈತಿದ್ದೆ. ಖಾನೆ ತುಂಬಿ ಮತ್ತ ಬಿಲ್ಡ್ ಮಾಡಿ ಸರಿಪಡಿಸಿದಾಕಿ ನಾನ. ಭಾವನವರು ಏನಂದ್ರು ಗೊತ್ತೇನ್ರಿ? ‘ತಮ್ಮನ ಹೇಣ್ತಿದ ತಪ್ಪು, ಹೆಣ್ಮಕ್ಕಳ ಕೈಯಾಗ ಕೊಟ್ರ ಇಷ್ಟ’ ಅಂತ ಎಲ್ಲರ ಮುಂದ. ಕುಣೀಲಾರದಾಕಿ ನೆಲ ಡೊಂಕು ಅಂದಳಂತ! ಅವರು ದಡ್ಡರು, ಬಿಡ್ರಿ. ನೀವು ನನ್ನ ಒಂದು ಮಾತು ಕೇಳಲಿಲ್ಲ, ಅದಕ್ಕ ಹೊಟ್ಟಿ ಉರೀತದ.

ಅತ್ತಿಯವರು ಆಶೀರ್ವಾದ ತಿಳಿಸ್ಯಾರ. ಮೈ ಬೆಚ್ಚಗ ಇಟ್ಕೋರ್ರಿ.

ಇನ್ನೂತನಕ ನಿಮ್ಮ,
ಯಶೋಧರಾ

ತಾ.ಕ.: ಟೆಂಪೋದವ ಹಾರ್ನ್ ಹೊಡ್ಯಾಕತ್ತಾನ, ಲಗೂನ ಬರೀತೀನಿ. ಮಾಫಿ ಕೇಳಿಲ್ಲ, ಕೇಳಂಗಿಲ್ಲ. ಸೋಮವಾರದಿಂದ ಶಹಾಪುರದಾಗ ಉಮೆಸಲ್ಮಾ ಅನ್ನೋರ ಕಂಪನ್ಯಾಗ ಕೆಲಸ, ಅಲ್ಲೇ ಖೋಲಿ ಹಿಡದೀನಿ. ತವರಿನವರು ಕೊಟ್ಟ ಮಂಚ ಒಯ್ಯಾಕತ್ತೇನಿ. ರಜಾಕ್ಕ ಬಂದು ಅಣ್ಣನ ಮನ್ಯಾಗ ಇಳದ್ರ ನೆಲದ ಮ್ಯಾಲ ಮಲಗ್ರಿ.