ಎಡಗಡೆಯ ಸಾಲು

ಪ್ರೀತಿಯ ಚಿಕ್ಕಮ್ಮ,

ನಿನ್ನ ಹಿತ್ತಲಿನಿಂದ ತಂದ ಗೆಣಸನ್ನು ನಿನ್ನೆ ಲ್ಯಾಬಿನಲ್ಲಿ ತೂಗಿದೆವು. ಎರಡೂ ಕಡೆ ಗೊಬ್ಬರ ಅರ್ಧವೇ ಹಾಕಿದ್ದೆವಲ್ಲ? ಮಣ್ಣಿಗೆ ಗೊಬ್ಬರದ ಕೊರತೆ ತುಂಬುವ ಬ್ಯಾಕ್ಟೀರಿಯಾ ಬೆರೆಸಿದ ಬಲಗಡೆಯ ಸಾಲಿನಲ್ಲಿ ಗೆಡ್ಡೆಗಳು ದಷ್ಟಪುಷ್ಟವಾಗಿ ಬಂದಿವೆ. ಏನೂ ಬೆರೆಸದ ಎಡಗಡೆಯ ಸಾಲಿನಲ್ಲೂ ಹಾಗೇ ಬಂದಿವೆ!

“ಹಾಗಾದ್ರೆ ನಿನ್ನ ಬ್ಯಾಕ್ಟೀರಿಯಾ ದಂಡ ಅಲ್ವೇನೇ?” ಎಂದು ನಮ್ಮ ಮೇಡಂ ನಕ್ಕರು.

ತಂಗಿಗೆ ಫೋನ್ ಮಾಡಿ ಗದರಿಸಿದ ಮೇಲೆ ಬಾಯಿಬಿಟ್ಟಳು. ಬ್ಯಾಕ್ಟೀರಿಯಾದ ಬಾಟಲಿಯಲ್ಲಿ ಉಳಿದಿದ್ದನ್ನು ನೀನು ನೀರಿಗೆ ಬೆರೆಸಿ ಎಡಗಡೆಗೂ ಹೊಯ್ದೆಯಂತೆ. “ಪಾಪ, ಅವೇನು ಮಾಡಿದ್ವು?” ಅಂದೆಯಂತೆ. ಹೋಲಿಸಿ ನೋಡುವುದಕ್ಕೆಂದೇ ಆ ಸಾಲನ್ನು ಹಾಗೆ ಬಿಟ್ಟಿದ್ದು, ಮಹಾತಾಯಿ!

ಸಿಟ್ಟು ಬಂದಿದ್ದು ನಿಜ. ಆದರೆ ಬಯ್ಯಲು ಬಾಯಿ ಬರಲಿಲ್ಲ. ನೀನು ಅಪ್ಪನನ್ನು ಮದುವೆಯಾಗಿ ಬಂದಾಗ ನಾನು ತಾಯಿಯಿಲ್ಲದ ಪುಟ್ಟ ಹುಡುಗಿ. ತಂಗಿ ಹುಟ್ಟಿದ ಮೇಲೂ ಹಾಲಿನ ಕೆನೆ ಯಾರ ಲೋಟಕ್ಕೆ ಬಿತ್ತೆಂದು ನಾನು ಒಮ್ಮೆಯೂ ಇಣುಕಿ ನೋಡಬೇಕಾಗಲಿಲ್ಲ.

ಮುಂದಿನ ಸಲ ಮತ್ತೆ ಬಳ್ಳಿ ನೆಡುತ್ತೇವೆ. ದಯವಿಟ್ಟು ಎಡಗಡೆಗೆ ಬರೀ ನೀರು ಹಾಕು. ನಿನ್ನಿಂದ ಆಗುವುದಿಲ್ಲವೆಂದು ಗೊತ್ತು, ಅದಕ್ಕೇ ಬಾಟಲಿ ಬಚ್ಚಿಡಲು ತಂಗಿಗೆ ಹೇಳಿದ್ದೇನೆ.

ರಾತ್ರಿ ಎರಡೂ ಕಡೆಯ ಗೆಣಸು ಬೇಯಿಸಿ ತಿಂದೆ. ಯಾವುದು ಯಾವ ಸಾಲಿನದೆಂದು ತಿಳಿಯಲೇ ಇಲ್ಲ.

ಇಂತಿ ನಿನ್ನ
ಎಡಗಡೆಯ ಸಾಲಿನ ಮಗಳು